ಅಗಲವಾಗುವ ಹೆದ್ದಾರಿ, ಕಿರಿದಾಗುವ ಉಸಿರು

ನಿಮ್ಮ ಮನೆ ದೊಡ್ಡ ರಸ್ತೆಯ ಪಕ್ಕದಲ್ಲಿದೆಯೇ? ಹಾಗಿದ್ದರೆ ರಸ್ತೆಯ ಕಡೆಗಿರುವ ಕಿಟಕಿಯ ಸರಳುಗಳನ್ನು ಒಂದು ಸಂಜೆ ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿಡಿ. ಮಾರನೆಯ ಸಂಜೆ ಬಿಳಿ ಬಟ್ಟೆಯಿಂದ ಮತ್ತೆ ಒರೆಸಿ ನೋಡಿ. ಕೆಂಪು ಅಥವಾ ಕಂದು ಬಣ್ಣ ಕಂಡರೆ ಅದು ಹೆಚ್ಚಾಗಿ ಮಣ್ಣಿನ ದೂಳು. ಕಾಡಿಗೆಯಂಥ ಕಪ್ಪು ಜಿಡ್ಡು ಕಂಡರೆ ಅದರಲ್ಲಿ ವಾಹನಗಳ ಹೊಗೆಯ ಮತ್ತು ಸವೆದ ಟೈರುಗಳ ಪಾಲಿದೆ ಎಂದು ತಿಳಿಯಬಹುದು.

ಆದರೆ ಸರಳಿಗೆ ಅಂಟಿದ ಈ ಮಸಿ ಅಷ್ಟೇನೂ ಅಪಾಯಕಾರಿಯಲ್ಲ. ಕಣ್ಣಿಗೆ ಕಾಣುವಷ್ಟು ದೊಡ್ಡ ಕಣಗಳನ್ನು ಮೂಗಿನ ಕೂದಲು, ಗಂಟಲಿನ ಲೋಳೆ ಸಾಕಷ್ಟು ಮಟ್ಟಿಗೆ ತಡೆಯುತ್ತವೆ. ಎಲ್ಲೂ ಅಂಟದೆ, ಕಣ್ಣಿಗೂ ಕಾಣದೆ ಗಾಳಿಯಲ್ಲಿ ತೇಲುವ ಕಣಗಳೇ ನಿಜವಾದ ಅಪಾಯ.

ನಮ್ಮ ರಾಜ್ಯದಲ್ಲಿ ಹೆದ್ದಾರಿಗಳು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿವೆ. ಬೆಂಗಳೂರು-ಮೈಸೂರು ರಸ್ತೆ ಸೇವಾ ರಸ್ತೆಗಳೂ ಸೇರಿ ಹತ್ತು ಪಥಗಳಾಗಿ 2023ರಲ್ಲಿ ಉದ್ಘಾಟನೆಯಾಯಿತು. ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66 ಊರೂರುಗಳ ನಡುವೆಯೇ ನಾಲ್ಕು ಪಥವಾಗಿದೆ. ಪ್ರಯಾಣದ ವೇಳೆ ಉಳಿಯುವುದು ಒಳ್ಳೆಯದೇ. ಆದರೆ ರಸ್ತೆ ಹತ್ತಿರಕ್ಕೆ ಬಂದಾಗ ಬದಿಯಲ್ಲಿ ವಾಸಿಸುವವರ ಗಾಳಿ ಏನಾಗುತ್ತದೆ? ಅದನ್ನು ಯಾರು ಅಳೆಯಬೇಕು? ಅಳೆದ ಮೇಲೆ ಏನು ಮಾಡಬೇಕು? ಈ ಪ್ರಶ್ನೆಗಳನ್ನು ಹೆದ್ದಾರಿಯ ಬದಿಯ ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳಬೇಕು.

ರಸ್ತೆಯಿಂದ ಬರುವುದೇನು?

ರಸ್ತೆಯ ಗಾಳಿಯಲ್ಲಿ ಮುಖ್ಯವಾಗಿ ಮೂರು ಅಳತೆಯ ಕಣಗಳಿರುತ್ತವೆ. ಮೊದಲನೆಯದು 10 ಮೈಕ್ರೋಮೀಟರ್‌ವರೆಗಿನ ದೂಳು, ಅಂದರೆ ಪಿಎಂ 10. ರಸ್ತೆ ಅಗೆಯುವಾಗ, ಜಲ್ಲಿ ಸುರಿಯುವಾಗ, ಮಣ್ಣಿನ ಲಾರಿ ಓಡುವಾಗ ಏಳುವುದು ಹೆಚ್ಚಾಗಿ ಇದೇ. ಎರಡನೆಯದು 2.5 ಮೈಕ್ರೋಮೀಟರ್‌ಗಿಂತ ಚಿಕ್ಕದಾದ ಪಿಎಂ 2.5. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೋಮೀಟರ್ ಎಂದರೆ ಇದು ಎಷ್ಟು ಸಣ್ಣದೆಂದು ಊಹಿಸಬಹುದು. ಇವು ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ತಲುಪುತ್ತವೆ. ಮೂರನೆಯದು 0.1 ಮೈಕ್ರೋಮೀಟರ್‌ಗಿಂತಲೂ ಚಿಕ್ಕದಾದ ಅತಿಸೂಕ್ಷ್ಮ ಕಣಗಳು. ಎಂಜಿನ್ನುಗಳ ಹೊಗೆಯಲ್ಲಿ ಇವುಗಳ ಸಂಖ್ಯೆ ಅಪಾರ. ಇವು ಗಾಳಿಗೂಡಿನ ತೆಳುವಾದ ಗೋಡೆಯನ್ನು ದಾಟಿ ರಕ್ತವನ್ನೂ ಸೇರಬಲ್ಲವು.

ಕಣಗಳ ಜೊತೆಗೆ ನೈಟ್ರೋಜನ್ ಡೈಆಕ್ಸೈಡ್ ಅನಿಲವೂ ಇರುತ್ತದೆ. ಉಸಿರಿನ ನಾಳಗಳನ್ನು ಕೆರಳಿಸುವ ಈ ಅನಿಲ ಅಸ್ತಮಾ ಇರುವವರಿಗೆ ಹೆಚ್ಚು ತೊಂದರೆ ಕೊಡುತ್ತದೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಘೋಷಿಸಿತು.

ನಮ್ಮ ದೇಶದಲ್ಲಿ 2020ರ ಏಪ್ರಿಲ್‌ನಿಂದ ಮಾರಾಟವಾಗುವ ಹೊಸ ವಾಹನಗಳು ಬಿಎಸ್ 6 ಮಟ್ಟದವು. ಇವುಗಳ ಹೊಗೆ ಮೊದಲಿಗಿಂತ ಬಹಳ ಕಡಿಮೆ. ಆದರೆ ಹಳೆಯ ಲಾರಿಗಳು ಇನ್ನೂ ರಸ್ತೆಯಲ್ಲಿವೆ. ಟೈರು ಮತ್ತು ಬ್ರೇಕು ಸವೆದು ಬರುವ ದೂಳಂತೂ ಯಾವ ವಾಹನಕ್ಕೂ ತಪ್ಪಿದ್ದಲ್ಲ.

ಎಷ್ಟು ದೂರ ಸುರಕ್ಷಿತ?

ವಾಹನಗಳ ಹೊಗೆ ಊರಿನಲ್ಲೆಲ್ಲ ಒಂದೇ ಸಮನಾಗಿ ಹರಡುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಟರ್‌ಸ್ಟೇಟ್ 710 ಎಂಬ ಹೆದ್ದಾರಿಯಿದೆ. ಅದರಲ್ಲಿ ಓಡುವ ವಾಹನಗಳ ಪೈಕಿ ಕಾಲು ಭಾಗಕ್ಕಿಂತ ಹೆಚ್ಚು ಭಾರಿ ಡೀಸೆಲ್ ಲಾರಿಗಳೇ ಆಗಿದ್ದ ಕಾಲದಲ್ಲಿ ಸಂಶೋಧಕರು ಗಾಳಿ ಬೀಸುವ ದಿಕ್ಕಿನಲ್ಲಿ ರಸ್ತೆಯಿಂದ 17 ಮೀಟರ್‌ನಿಂದ 300 ಮೀಟರ್‌ವರೆಗೆ ಹಲವು ಕಡೆ ಅತಿಸೂಕ್ಷ್ಮ ಕಣಗಳನ್ನು ಎಣಿಸಿದರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ರಸ್ತೆಯ ಅಂಚಿನಲ್ಲಿ ವಿಪರೀತವಾಗಿದ್ದ ಕಣಗಳ ಸಂಖ್ಯೆ ದೂರ ಹೋದಂತೆ ಸರಸರನೆ ಇಳಿದು, 300 ಮೀಟರ್‌ನಲ್ಲಿ ಸುತ್ತಲಿನ ಸಾಧಾರಣ ಗಾಳಿಯ ಮಟ್ಟಕ್ಕೆ ಬಂದಿತ್ತು.

ಇದು ಹಗಲಿನ ಮಾತು. ಸೂರ್ಯೋದಯಕ್ಕೆ ಮುಂಚೆ ನೆಲದ ಹತ್ತಿರದ ಗಾಳಿ ತಣ್ಣಗೆ, ನಿಶ್ಚಲವಾಗಿರುತ್ತದೆ. ಹೊಗೆ ಮೇಲಕ್ಕೇರದೆ ಅಡ್ಡಡ್ಡ ಹರಡುತ್ತದೆ. ಅದೇ ಪ್ರದೇಶದ ಇನ್ನೊಂದು ಹೆದ್ದಾರಿಯ ಬಳಿ ನಸುಕಿನಲ್ಲಿ ಅಳೆದಾಗ ಹೊಗೆಯ ಪ್ರಭಾವ ಸುಮಾರು 2 ಕಿಲೋಮೀಟರ್‌ವರೆಗೂ ಕಂಡಿತೆಂದು 2009ರ ವರದಿ ಹೇಳುತ್ತದೆ. ನಸುಕಿನಲ್ಲಿ ಹೆದ್ದಾರಿಯ ಬದಿಯಲ್ಲಿ ವಾಯುಸೇವನೆಗೆ ಹೊರಡುವವರು ಇದನ್ನು ನೆನಪಿನಲ್ಲಿಡಬೇಕು.

ಒಟ್ಟಿನಲ್ಲಿ ಹೆದ್ದಾರಿಯಿಂದ 300ರಿಂದ 500 ಮೀಟರ್ ಒಳಗಿನ ಪಟ್ಟಿ ಹೆಚ್ಚು ಬಾಧೆಗೊಳಗಾಗುವ ಜಾಗ. ರಸ್ತೆ ಅಗಲವಾದಾಗ ಈ ಪಟ್ಟಿಯೂ ಪಕ್ಕಕ್ಕೆ ಸರಿಯುತ್ತದೆ. ನಿನ್ನೆಯವರೆಗೆ ಅದರ ಹೊರಗಿದ್ದ ಮನೆ, ಅಂಗನವಾಡಿ ಅಥವಾ ಶಾಲೆ ನಾಳೆ ಅದರೊಳಗೆ ಬರಬಹುದು.

ಮಕ್ಕಳ ಶ್ವಾಸಕೋಶ

ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತಾರೆ. ಅವರ ಶ್ವಾಸಕೋಶ ಹದಿಹರೆಯದ ಕೊನೆಯವರೆಗೂ ಬೆಳೆಯುತ್ತಲೇ ಇರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಗಳಿಸಿದ ಶಕ್ತಿಯೇ ಜೀವನಪೂರ್ತಿ ಬಳಸುವ ಬಂಡವಾಳ. ಆಗ ಕಡಿಮೆ ಬಿದ್ದದ್ದನ್ನು ಮುಂದೆ ಪೂರ್ತಿಯಾಗಿ ತುಂಬಿಕೊಳ್ಳುವುದು ಕಷ್ಟ.

ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 12 ಊರುಗಳ 3,677 ಮಕ್ಕಳನ್ನು ಸುಮಾರು 10ನೆಯ ವಯಸ್ಸಿನಿಂದ 8 ವರ್ಷ ಗಮನಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಳವಾಗಿ ಉಸಿರೆಳೆದು ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ ಶ್ವಾಸಕೋಶದ ಶಕ್ತಿಗೆ ಒಂದು ಅಳತೆ. ಹೆದ್ದಾರಿಯಿಂದ 500 ಮೀಟರ್ ಒಳಗಿದ್ದ ಮಕ್ಕಳಲ್ಲಿ ಈ ಅಳತೆಯ ಬೆಳವಣಿಗೆ, 1,500 ಮೀಟರ್‌ಗೂ ಆಚೆ ಇದ್ದವರಿಗಿಂತ ಸರಾಸರಿ 81 ಮಿಲಿಲೀಟರ್ ಕಡಿಮೆಯಾಗಿತ್ತು. ಆರೋಗ್ಯವಂತ ಮಗುವಿಗೆ ಇದು ಸಣ್ಣ ಕೊರತೆಯಾಗಿ ಕಾಣಬಹುದು. ಈಗಾಗಲೇ ಅಸ್ತಮಾ ಇರುವ ಮಗುವಿಗೆ, ಮುಂದೆ ವಯಸ್ಸಾದಾಗ ಎಲ್ಲರಿಗೂ, ಇದು ಸಣ್ಣದಲ್ಲ.

ಸಮಾಧಾನದ ಸಂಗತಿಯೂ ಇದೆ. ಆ ಪ್ರದೇಶದ ಗಾಳಿ ಸುಧಾರಿಸಿದಂತೆ ಮಕ್ಕಳ ಶ್ವಾಸಕೋಶವೂ ಸುಧಾರಿಸಿತು. ಐದು ಊರುಗಳಲ್ಲಿ ಬೇರೆ ಬೇರೆ ಕಾಲದ ಮಕ್ಕಳನ್ನು ಹೋಲಿಸಿದಾಗ, 15ನೆಯ ವಯಸ್ಸಿಗೆ ಶ್ವಾಸಕೋಶದ ಶಕ್ತಿ ತೀರ ಕಡಿಮೆಯಿದ್ದವರ ಪ್ರಮಾಣ 1994-98ರ ಗುಂಪಿನಲ್ಲಿ ಶೇ 7.9ರಷ್ಟಿತ್ತು, 2007-11ರ ಗುಂಪಿನಲ್ಲಿ ಅದು ಶೇ 3.6ಕ್ಕೆ ಇಳಿದಿತ್ತು. ಗಾಳಿ ಶುದ್ಧವಾದರೆ ಮಕ್ಕಳಿಗೆ ಲಾಭ ಖಂಡಿತ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಸರ್ಕಾರಿ ಮಾಪಕ ಸಾಲದೇ?

ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರಗಳು ಅತ್ಯಗತ್ಯ. ಕೇಂದ್ರ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಅವುಗಳ ಸೂಚ್ಯಂಕವನ್ನು ಯಾರು ಬೇಕಾದರೂ ನೋಡಬಹುದು. ಆದರೆ ಒಂದು ಕೇಂದ್ರ ತಾನಿರುವ ಜಾಗದ ಗಾಳಿಯನ್ನು ಮಾತ್ರ ಹೇಳುತ್ತದೆ. ಅದು ನಿಮ್ಮ ಮನೆಯಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿದ್ದರೆ ಹೆದ್ದಾರಿ ಬದಿಯ 300 ಮೀಟರ್‌ನ ಕಥೆ ಅದಕ್ಕೆ ತಿಳಿಯದು. ಅನೇಕ ಊರುಗಳಲ್ಲಿ ಕೈಯಿಂದ ನಡೆಸುವ ಮಾಪಕಗಳಿದ್ದು, ಅವು ವಾರಕ್ಕೆ ಎರಡು ದಿನ ಮಾತ್ರ ಗಾಳಿಯ ಮಾದರಿ ತೆಗೆಯುತ್ತವೆ. ಹೀಗಾಗಿ ‘ಊರಿನ ಗಾಳಿ ತೃಪ್ತಿಕರ’ ಎಂಬ ವರದಿಯೂ ನಿಮ್ಮ ಮಗುವಿನ ರಾತ್ರಿಯ ಕೆಮ್ಮೂ ಎರಡೂ ಒಟ್ಟಿಗೇ ನಿಜವಾಗಿರಬಹುದು. ಈ ಅಂತರವನ್ನು ತುಂಬಲು ಅಲ್ಲಿಯೇ ವಾಸಿಸುವವರು ಮುಂದೆ ಬರಬೇಕಾಗುತ್ತದೆ.

710 ಹೆದ್ದಾರಿಯ ಜನ ಮಾಡಿದ್ದು

ಮೇಲೆ ಹೇಳಿದ 710 ಹೆದ್ದಾರಿಯ ಬದಿಯ ಜನ ಇದನ್ನೇ ಮಾಡಿದರು. ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಲ್ಲಿ ಇಳಿಯುವ ಸರಕನ್ನು ಹೊತ್ತ ಲಾರಿಗಳು ಈ ರಸ್ತೆಯಲ್ಲೇ ಸಾಗುತ್ತವೆ. ಅಮೆರಿಕಕ್ಕೆ ಕಂಟೈನರ್‌ಗಳಲ್ಲಿ ಬರುವ ಸರಕಿನಲ್ಲಿ ಸುಮಾರು ಶೇ 40 ಈ ಎರಡು ಬಂದರುಗಳ ಮೂಲಕ ಬರುತ್ತದೆಂದು ಹೇಳುತ್ತಾರೆ. ಈ ದಾರಿಯ ಆಚೀಚೆ ಸುಮಾರು 10 ಲಕ್ಷ ಜನರಿದ್ದಾರೆ. ಅವರಲ್ಲಿ ಹೆಚ್ಚಿನವರು ಕೂಲಿಕಾರರು ಮತ್ತು ವಲಸೆ ಬಂದ ಕುಟುಂಬಗಳು. ತಮ್ಮ ಪ್ರದೇಶವನ್ನು ಅವರೇ ‘ಡೀಸೆಲ್ ಸಾವಿನ ವಲಯ’ ಎಂದು ಕರೆಯುತ್ತಿದ್ದರು.

ರಸ್ತೆ ವಿಸ್ತರಿಸುವ ಯೋಜನೆ 2000ದ ದಶಕದ ಆರಂಭದಲ್ಲಿ ಬಂತು. ನೂರಾರು ಮನೆಗಳು ಹೋಗುತ್ತವೆಂದು ತಿಳಿದಾಗ ಜನ ಸಭೆಗಳಿಗೆ ಬಂದು ಪ್ರತಿಭಟಿಸಿದರು. ಪ್ರತಿಭಟನೆಯ ಜೊತೆಗೆ ಲೆಕ್ಕವೂ ಬೇಕು ಎಂದು ಕೆಲವರಿಗೆ ಹೊಳೆಯಿತು. ಅಸ್ತಮಾ ಇರುವ ಮಕ್ಕಳ ತಾಯಂದಿರೂ ಸೇರಿದಂತೆ ನಿವಾಸಿಗಳ ತಂಡಗಳು ವಿಶ್ವವಿದ್ಯಾಲಯದವರಿಂದ ತರಬೇತಿ ಪಡೆದವು. ಶಾಲೆ, ಮನೆ, ಆಟದ ಮೈದಾನಗಳ ಹತ್ತಿರದ ರಸ್ತೆಗಳಲ್ಲಿ ನಿಂತು ಗಂಟೆಗೆಷ್ಟು ಲಾರಿ ಹೋಗುತ್ತದೆಂದು ಎಣಿಸಿದವು. ಕೈಯಲ್ಲಿ ಹಿಡಿಯುವ ಉಪಕರಣದಿಂದ ಅತಿಸೂಕ್ಷ್ಮ ಕಣಗಳನ್ನು ಅಳೆದವು. ಈ ಅಂಕಿಗಳನ್ನು ಹಿಡಿದು ಅಧಿಕಾರಿಗಳ ಮುಂದೆ ಹೋದವು.

ವಿಸ್ತರಣೆಯ ಪರವಾಗಿದ್ದವರ ವಾದ ಸರಳವಾಗಿತ್ತು. ರಸ್ತೆ ಅಗಲವಾದರೆ ವಾಹನಗಳು ನಿಲ್ಲದೆ ಓಡುತ್ತವೆ, ಹೊಗೆ ಕಡಿಮೆಯಾಗುತ್ತದೆ ಎಂಬುದು ಆ ವಾದ. ಕೇಳಲು ಇದು ಸರಿಯೆನಿಸುತ್ತದೆ. ಆದರೆ ರಸ್ತೆ ಅಗಲವಾದಷ್ಟೂ ಹೊಸ ವಾಹನಗಳು ಅದನ್ನು ತುಂಬುತ್ತವೆ. ಅಮೆರಿಕದ ನಗರಗಳ ಅಂಕಿಗಳನ್ನು ಪರಿಶೀಲಿಸಿದ ಇಬ್ಬರು ಅರ್ಥಶಾಸ್ತ್ರಜ್ಞರು, ರಸ್ತೆಯ ಉದ್ದ-ಅಗಲ ಹೆಚ್ಚಿದ ಪ್ರಮಾಣದಲ್ಲೇ ವಾಹನಗಳ ಓಡಾಟವೂ ಹೆಚ್ಚುತ್ತದೆಂದು 2011ರಲ್ಲಿ ತೋರಿಸಿದರು.

ಜನ ಬರಿದೇ ‘ಬೇಡ’ ಎನ್ನಲಿಲ್ಲ. ಹೊಗೆಯಿಲ್ಲದ ಲಾರಿಗಳಿಗೆ ಪ್ರತ್ಯೇಕ ದಾರಿ, ಹೆಚ್ಚು ಬಸ್ಸು-ರೈಲು, ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ ಅನುಕೂಲ ಇವುಗಳನ್ನೆಲ್ಲ ಸೇರಿಸಿ ‘ಸಮುದಾಯದ ಪರ್ಯಾಯ 7’ ಎಂಬ ತಮ್ಮದೇ ಯೋಜನೆಯನ್ನು ಮುಂದಿಟ್ಟರು. ಆದರೂ 2018ರ ಮಾರ್ಚ್‌ನಲ್ಲಿ ಸಾರಿಗೆ ಮಂಡಳಿ ಎರಡೂ ಬದಿಗೆ ಪಥ ಸೇರಿಸುವ ಯೋಜನೆಯನ್ನೇ ಆರಿಸಿತು. ಅದರ ಅಂದಾಜು ವೆಚ್ಚ ಸುಮಾರು 600 ಕೋಟಿ ಡಾಲರ್. ಜನ ಪಟ್ಟು ಬಿಡಲಿಲ್ಲ. ಕಣಗಳ ಮಾಲಿನ್ಯ ಎಷ್ಟು ಹೆಚ್ಚುತ್ತದೆಂದು ಮೊದಲು ಲೆಕ್ಕ ಹಾಕಿ ತೋರಿಸಬೇಕೆಂದು ಕೇಂದ್ರ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ 2021ರಲ್ಲಿ ತಿಳಿಸಿತು. ಕೆಲಸ ನಿಂತಿತು. 2022ರ ಮೇ ತಿಂಗಳಲ್ಲಿ ಮಂಡಳಿಯೇ ವಿಸ್ತರಣೆಯನ್ನು ಕೈಬಿಟ್ಟಿತು.

ಇದು ಲೆಕ್ಕವೊಂದರಿಂದಲೇ ಆದದ್ದಲ್ಲ. ಮನೆ ಕಳೆದುಕೊಳ್ಳುವವರ ಹೋರಾಟ, ಕಾನೂನು, ಸಂಶೋಧನೆ ಎಲ್ಲವೂ ಸೇರಿ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಹೆದ್ದಾರಿ ಅಲ್ಲೇ ಇದೆ, ಲಾರಿಗಳೂ ಓಡುತ್ತಿವೆ. ಆದರೆ ಬಂದರುಗಳು 2008ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಹಳೆಯ ಲಾರಿಗಳಿಗೆ ಪ್ರವೇಶ ನಿಲ್ಲಿಸಿದ್ದರಿಂದ ಡೀಸೆಲ್ ಹೊಗೆ ಬಹಳ ಇಳಿದಿದೆ. ಹೆದ್ದಾರಿಯಿಂದ 500 ಅಡಿಯೊಳಗೆ ಹೊಸ ಶಾಲೆ ಕಟ್ಟುವುದನ್ನು ನಿರ್ಬಂಧಿಸುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2003ರಲ್ಲೇ ಬಂದಿದೆ.

ನೀವು ಏನು ಮಾಡಬಹುದು?

ಇಂಥ ಕೆಲಸಕ್ಕೆ ದೊಡ್ಡ ಹಣವಾಗಲಿ ವಿಜ್ಞಾನದ ಪದವಿಯಾಗಲಿ ಬೇಕಿಲ್ಲ. ತಾಳ್ಮೆ ಮತ್ತು ಪ್ರಾಮಾಣಿಕತೆ ಬೇಕು. ನೆರೆಹೊರೆಯವರು, ಶಾಲೆಯ ವಿಜ್ಞಾನ ಶಿಕ್ಷಕರು, ಹತ್ತಿರದ ಕಾಲೇಜಿನವರು ಸೇರಿದರೆ ಸಾಕು.

1. ಕಾಮಗಾರಿಗೆ ಮುಂಚೆಯೇ ಶುರುಮಾಡಿ. ‘ಮೊದಲು ಹೇಗಿತ್ತು’ ಎಂಬ ದಾಖಲೆ ಇಲ್ಲದಿದ್ದರೆ ‘ಈಗ ಹೆಚ್ಚಾಗಿದೆ’ ಎಂದು ಯಾರನ್ನೂ ಒಪ್ಪಿಸಲಾಗದು.

2. ವಾಹನ ಎಣಿಸಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಹದಿನೈದು ಹದಿನೈದು ನಿಮಿಷ, ಭಾನುವಾರವೂ ಸೇರಿ ಒಂದು ವಾರ ಎಣಿಸಿ. ಲಾರಿ, ಬಸ್ಸು, ಕಾರು, ದ್ವಿಚಕ್ರ ವಾಹನ ಎಂದು ಬೇರೆ ಬೇರೆ ಬರೆಯಿರಿ. ಮನೆಯ ಮಹಡಿಯಿಂದಲೋ ಸುರಕ್ಷಿತ ಜಾಗದಿಂದಲೋ ಎಣಿಸಿ. ಮಕ್ಕಳನ್ನು ರಸ್ತೆಯಂಚಿಗೆ ಕಳಿಸಬೇಡಿ.

3. ಗಾಳಿಯ ದಿಕ್ಕು ಬರೆದಿಡಿ. ಮಹಡಿಯ ಮೇಲೆ ಒಂದು ಬಟ್ಟೆಯ ಪಟ್ಟಿ ಕಟ್ಟಿದರೆ ಸಾಕು. ರಸ್ತೆಯ ಕಡೆಯಿಂದ ಗಾಳಿ ಬೀಸಿದ ದಿನಕ್ಕೂ ಬೇರೆ ದಿನಕ್ಕೂ ಇರುವ ವ್ಯತ್ಯಾಸವೇ ಬಲವಾದ ಸಾಕ್ಷ್ಯ.

4. ಎರಡು ಕಡೆ ಅಳೆಯಿರಿ. ಈಗ ಪಿಎಂ 2.5 ಅಳೆಯುವ ಚಿಕ್ಕ ಸೆನ್ಸರ್‌ಗಳು ಸಿಗುತ್ತವೆ. ಒಂದನ್ನು ರಸ್ತೆಯ ಹತ್ತಿರ, ಇನ್ನೊಂದನ್ನು ಐದಾರು ನೂರು ಮೀಟರ್ ಆಚೆ, ಒಂದೇ ವೇಳೆಯಲ್ಲಿ ಇಡಿ. ಮೊದಲು ಎರಡನ್ನೂ ಕೆಲವು ದಿನ ಒಂದೇ ಜಾಗದಲ್ಲಿ ಇಟ್ಟು, ಒಂದೇ ಅಂಕಿ ತೋರಿಸುತ್ತವೆಯೇ ನೋಡಿ. ಸಾಧ್ಯವಾದರೆ ಮಂಡಳಿಯ ಕೇಂದ್ರದ ಬಳಿ ಇಟ್ಟು ಹೋಲಿಸಿ.

5. ಸೆನ್ಸರ್‌ನ ಮಿತಿ ತಿಳಿಯಿರಿ. ಇವು ಬೆಳಕಿನ ಚದುರುವಿಕೆಯಿಂದ ಕಣಗಳನ್ನು ಅಂದಾಜು ಮಾಡುತ್ತವೆ. ಮಂಜು ಕವಿದಾಗ, ತೇವ ಹೆಚ್ಚಿದಾಗ ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಹೊಗೆಯ ಅತಿಸೂಕ್ಷ್ಮ ಕಣಗಳು ಇವುಗಳಿಗೆ ಕಾಣುವುದೇ ಇಲ್ಲ. ಆದ್ದರಿಂದ ಸೆನ್ಸರ್ ಕಡಿಮೆ ತೋರಿಸಿದ ಮಾತ್ರಕ್ಕೆ ಅಪಾಯವಿಲ್ಲ ಎನ್ನಲಾಗದು. ಲಾರಿಗಳ ಎಣಿಕೆ ಇಲ್ಲಿ ಬಹಳ ಉಪಯುಕ್ತ.

6. ನಿಮಗೆ ಅನುಕೂಲವಲ್ಲದ ಅಂಕಿಯನ್ನೂ ಬರೆದಿಡಿ. ಹೆಚ್ಚು ತೋರಿಸಿದ ದಿನಗಳನ್ನು ಮಾತ್ರ ಆರಿಸಿಕೊಂಡರೆ ಇಡೀ ದಾಖಲೆ ನಂಬಿಕೆ ಕಳೆದುಕೊಳ್ಳುತ್ತದೆ.

ಅಂಕಿಗಳನ್ನು ಹೋಲಿಸಲು ನಮ್ಮ ದೇಶದ 2009ರ ಮಾನದಂಡಗಳಿವೆ. ಅವುಗಳ ಪ್ರಕಾರ ಪಿಎಂ 2.5 ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60, ವರ್ಷದ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಇನ್ನೂ ಬಿಗಿ: ದಿನಕ್ಕೆ 15, ವರ್ಷಕ್ಕೆ 5. ಒಂದು ಕ್ಷಣದ ಅಂಕಿಯನ್ನು ದಿನದ ಸರಾಸರಿಯೊಂದಿಗೆ ಹೋಲಿಸಬೇಡಿ. ಲಾರಿಯೊಂದು ಹಾದುಹೋದಾಗ ಮಾಪಕ ನೆಗೆಯುವುದು ಸಹಜ.

ಇನ್ನೊಂದು ಎಚ್ಚರಿಕೆ. ‘ಈ ರಸ್ತೆಯಿಂದಲೇ ನನ್ನ ಮಗುವಿಗೆ ಅಸ್ತಮಾ ಬಂತು’ ಎಂದು ಯಾವ ಮಾಪಕವೂ ಹೇಳಲಾರದು. ಅಸ್ತಮಾಕ್ಕೆ ವಂಶವಾಹಿ, ಅಲರ್ಜಿ, ಸೋಂಕು, ಮನೆಯೊಳಗಿನ ಹೊಗೆ ಹೀಗೆ ಹಲವು ಕಾರಣಗಳಿವೆ. ‘ಇಲ್ಲಿ ಇಷ್ಟು ಮಕ್ಕಳಿದ್ದಾರೆ, ಇಷ್ಟು ಲಾರಿ ಓಡುತ್ತದೆ, ಗಾಳಿ ಹೀಗಿದೆ, ಇದರಿಂದ ಅಪಾಯ ಹೆಚ್ಚುತ್ತದೆ’ ಎಂದರೆ ಸಾಕು. ಅದನ್ನು ಯಾರೂ ತಳ್ಳಿಹಾಕಲಾರರು.

ಎಲ್ಲಿ, ಏನು ಕೇಳಬೇಕು?

ದೊಡ್ಡ ಹೆದ್ದಾರಿ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಸಾರ್ವಜನಿಕ ಅಹವಾಲು ಸಭೆ ಅಗತ್ಯವಾದ ಯೋಜನೆಗಳಲ್ಲಿ ಅದನ್ನು ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಎಲ್ಲ ವಿಸ್ತರಣೆಗಳಿಗೂ ಈ ಸಭೆ ಇರುವುದಿಲ್ಲ. ಹೊಸದಾಗಿ ಭೂಸ್ವಾಧೀನವಿಲ್ಲದ ವಿಸ್ತರಣೆಗೆ ವಿನಾಯಿತಿಯಿದೆ. ನಿಮ್ಮ ಊರಿನ ಯೋಜನೆಯ ಸ್ಥಿತಿಯೇನು, ಮರ ಕಡಿದದ್ದಕ್ಕೆ ಬದಲಾಗಿ ಎಲ್ಲಿ ನೆಡುತ್ತಾರೆ, ದೂಳು ತಡೆಯಲು ಗುತ್ತಿಗೆದಾರರಿಗೆ ಯಾವ ಷರತ್ತು ಹಾಕಿದ್ದಾರೆ ಎಂಬುದನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಕೊಟ್ಟು ತಿಳಿಯಬಹುದು.

ಸಭೆಯಲ್ಲಿ ಕೋಪಕ್ಕಿಂತ ಒಂದು ಪುಟದ ಲೆಕ್ಕ ಹೆಚ್ಚು ಕೆಲಸ ಮಾಡುತ್ತದೆ. ಬೇಡಿಕೆಗಳೂ ಸ್ಪಷ್ಟವಾಗಿರಲಿ: ಕಾಮಗಾರಿಯಲ್ಲಿ ದಿನವೂ ನೀರು ಚಿಮುಕಿಸಬೇಕು, ಮಣ್ಣಿನ ಲಾರಿಗೆ ಟಾರ್ಪಾಲು ಹೊದಿಸಬೇಕು, ಶಾಲೆಯ ಬಳಿ ಟೋಲ್ ಗೇಟಾಗಲಿ ಲಾರಿ ನಿಲ್ದಾಣವಾಗಲಿ ಬೇಡ, ಶಾಲೆಯ ಹತ್ತಿರ ಒಂದು ಮಾಪನ ಕೇಂದ್ರ ಬೇಕು, ಉಳಿದ ಜಾಗದಲ್ಲಿ ನೆಲದಿಂದಲೇ ದಟ್ಟವಾಗಿ ಬೆಳೆಯುವ ಗಿಡಗಳ ಬೇಲಿ ಬೇಕು.

ಅಲ್ಲಿಯವರೆಗೆ ಮನೆಯಲ್ಲಿ

ಮಕ್ಕಳು ಮತ್ತು ಹಿರಿಯರು ಮಲಗುವ ಕೋಣೆ ರಸ್ತೆಗೆ ಬೆನ್ನಾಗಿರುವ ಕಡೆ ಇರಲಿ. ವಾಹನಗಳು ದಟ್ಟವಾಗಿರುವ ವೇಳೆ ರಸ್ತೆಯ ಕಡೆಯ ಕಿಟಕಿ ಮುಚ್ಚಿ, ಆಮೇಲೆ ಹಿಂಬದಿಯ ಕಿಟಕಿಗಳನ್ನು ತೆರೆಯಿರಿ. ಒಣಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಕಸ ಸುಡಬೇಡಿ, ಮನೆಯೊಳಗೆ ಸೊಳ್ಳೆ ಬತ್ತಿ, ಬೀಡಿ-ಸಿಗರೇಟಿನ ಹೊಗೆ ಬೇಡ. ಹೊರಗಿನ ಹೊಗೆಯ ಜೊತೆ ಒಳಗಿನದೂ ಸೇರಿದರೆ ಶ್ವಾಸಕೋಶಕ್ಕೆ ಎರಡು ಕಡೆಯಿಂದ ಪೆಟ್ಟು. ಮೂಗಿಗೆ ಕಟ್ಟುವ ಕರವಸ್ತ್ರ ದೊಡ್ಡ ದೂಳನ್ನು ತಡೆದೀತು, ಸೂಕ್ಷ್ಮ ಕಣಗಳನ್ನಲ್ಲ. ದೂಳಿನಲ್ಲಿ ಕೆಲಸ ಮಾಡುವವರಿಗೆ ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮುಖಗವಸು ಬೇಕು.

ಅಸ್ತಮಾ ಇರುವವರು ವೈದ್ಯರು ಕೊಟ್ಟ ಇನ್‌ಹೇಲರನ್ನು ‘ಈಗ ಚೆನ್ನಾಗಿದ್ದೇನೆ’ ಎಂದು ತಾವಾಗಿಯೇ ನಿಲ್ಲಿಸಬಾರದು. ಮಾತು ಪೂರ್ತಿ ಮಾಡಲಾಗದಷ್ಟು ಏದುಸಿರು, ಉಸಿರೆಳೆಯುವಾಗ ಮಗುವಿನ ಪಕ್ಕೆಲುಬುಗಳ ನಡುವೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ರಾತ್ರಿಯ ಕೆಮ್ಮು ಎರಡು ಮೂರು ವಾರ ಮುಂದುವರಿದರೂ ವೈದ್ಯರಿಗೆ ತೋರಿಸಿ. ಮನೆ ಹೆದ್ದಾರಿಯಿಂದ ಎಷ್ಟು ದೂರವಿದೆ ಎಂಬುದನ್ನೂ ಅವರಿಗೆ ತಿಳಿಸಿ.

ಇವೆಲ್ಲ ತಾತ್ಕಾಲಿಕ ರಕ್ಷಣೆ ಮಾತ್ರ. ನೀರು ಕೆಟ್ಟರೆ ಕುದಿಸಿ ಕುಡಿಯಬಹುದು. ಗಾಳಿಯನ್ನು ಹಾಗೆ ಮಾಡಲಾಗದು. ಬೀದಿಯಲ್ಲಿ ಎಲ್ಲರೂ ಒಂದೇ ಗಾಳಿ ಸೇವಿಸುವುದರಿಂದ ಅದರ ಕಾವಲನ್ನೂ ಎಲ್ಲರೂ ಸೇರಿಯೇ ಮಾಡಬೇಕು. ನಿಮ್ಮ ಊರಿನ ರಸ್ತೆಯ ಅಳತೆಗೆ ಕಲ್ಲು ನೆಟ್ಟಿದ್ದರೆ ಇದೇ ವಾರ ನೆರೆಯವರೊಂದಿಗೆ ಕುಳಿತು ಮಾತನಾಡಿ, ಒಂದು ನೋಟುಪುಸ್ತಕ ತೆರೆದು ಎಣಿಕೆ ಆರಂಭಿಸಿ.